ಮೊದಲು ಮೇಲಿನ ಬೋಲ್ಟ್, ಆಮೇಲೆ ಕೆಳಗಿನದು

ಪ್ರಶ್ನೆ: ನನ್ನ ಮನೆ ಚಿತ್ರದುರ್ಗದಲ್ಲಿ, ಕೆಲಸ ದಾವಣಗೆರೆಯಲ್ಲಿ. ವಾರಕ್ಕೆ ಐದು ದಿನ ಹೈವೇಯಲ್ಲಿ ಓಡಾಟ. ಗಾಡಿ 2013ರ ಪೆಟ್ರೋಲ್ ಸ್ವಿಫ್ಟ್, ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಈಗ 92 ಸಾವಿರ ಕಿ.ಮೀ. ಆಗಿದೆ. ಬೆಳಿಗ್ಗೆ ಹೊರಟ ಮೊದಲ ಹತ್ತು ನಿಮಿಷ ಸೆಕೆಂಡ್ ಗೇರ್ ಬಿಗಿ ಬರುತ್ತದೆ, ಆಮೇಲೆ ಸರಿಹೋಗುತ್ತದೆ. ಒಬ್ಬ ಮೆಕ್ಯಾನಿಕ್ ‘ಗೇರ್ ಆಯಿಲ್ ಲೈಫ್‌ಟೈಮ್, ಮುಟ್ಟಬೇಡಿ’ ಎಂದರು. ಇನ್ನೊಬ್ಬರು ‘ಕೂಡಲೇ ಬದಲಿಸಿ’ ಎಂದರು. ಎಂಜಿನ್ ಆಯಿಲನ್ನು ಮನೆಯಲ್ಲಿ ನಾನೇ ಬದಲಿಸುತ್ತೇನೆ. ಇದನ್ನೂ ಮಾಡಬಹುದಾ? ಅಂಗಡಿಯವರು 80ಡಬ್ಲ್ಯು-90 ಜಿಎಲ್-5 ಡಬ್ಬಿ ಕೊಟ್ಟು ‘ಲಾರಿಗೂ ಇದೇ ಹಾಕ್ತಾರೆ’ ಎಂದರು. ನನ್ನ ಭಾಮೈದನದು ಆಟೊಮ್ಯಾಟಿಕ್ ಕಾರು. ಅದಕ್ಕೂ ಅದೇ ದಿನ ಮಾಡಿ ಮುಗಿಸೋಣ ಅಂದುಕೊಂಡಿದ್ದೇವೆ. ನಿಮ್ಮ ಸಲಹೆ ಏನು?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಸ್ವಿಫ್ಟ್‌ನ ಗೇರ್ ಆಯಿಲ್ ಬದಲಿಸಿ, ನೀವೇ ಬದಲಿಸಬಹುದು. ಅಂಗಡಿಯವರು ಕೊಟ್ಟ ಡಬ್ಬಿ ವಾಪಸ್ ಕೊಡಿ. ಭಾಮೈದನ ಕಾರಿನ ತಂಟೆಗೆ ಹೋಗಬೇಡಿ. ಯಾಕೆ ಅನ್ನುವುದು ಸ್ವಲ್ಪ ಉದ್ದದ ಮಾತು, ಕೂತು ಓದಿ.

‘ಲೈಫ್‌ಟೈಮ್’ ಅಂದವರನ್ನು ಯಾರ ಲೈಫು ಅಂತ ಕೇಳಬೇಕಿತ್ತು. ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಗೇರ್‌ಬಾಕ್ಸ್ ಒಳಗೆ ಪೆಟ್ರೋಲ್ ಉರಿಯುವುದಿಲ್ಲ. ಮಸಿ ಇಲ್ಲ, ಹೊಗೆ ಇಲ್ಲ. ಹಾಗಾಗಿ ಅಲ್ಲಿನ ಆಯಿಲ್ ಎಂಜಿನ್ ಆಯಿಲಿಗಿಂತ ಬಹಳ ಜಾಸ್ತಿ ಬಾಳುತ್ತದೆ. ಆದರೆ ಇನ್ನೊಂದು ಅರ್ಧವೂ ಇದೆ. ಎಂಜಿನ್ನಿಗೆ ಆಯಿಲ್ ಫಿಲ್ಟರ್ ಇದೆ, ಇಂಥ ಸಣ್ಣ ಕಾರಿನ ಮ್ಯಾನ್ಯುಯಲ್ ಗೇರ್‌ಬಾಕ್ಸಿಗೆ ಫಿಲ್ಟರ್ ಇರುವುದಿಲ್ಲ. ಹಲ್ಲಿಗೆ ಹಲ್ಲು ಉಜ್ಜಿ ಉದುರಿದ ಕಬ್ಬಿಣದ ಪುಡಿ ಎಲ್ಲಿಗೆ ಹೋಗಬೇಕು? ಒಳಗೇ ಸುತ್ತುತ್ತಿರುತ್ತದೆ. ಹಿಡಿದಿಡಲು ಇರುವುದು ಒಂದು ಮ್ಯಾಗ್ನೆಟ್, ಅಷ್ಟೇ. ಜೊತೆಗೆ ಆಯಿಲಿಗೆ ಬೆರೆಸಿದ ರಾಸಾಯನಿಕಗಳು ವರ್ಷ ಕಳೆದಂತೆ ಸವೆಯುತ್ತವೆ.

ನಿಮ್ಮ ಲೆಕ್ಕ ನೋಡಿ. ದುರ್ಗದಿಂದ ದಾವಣಗೆರೆಗೆ ಹೋಗಿಬರಲು ಸುಮಾರು 120 ಕಿ.ಮೀ. ವಾರಕ್ಕೆ 600, ವರ್ಷಕ್ಕೆ 30 ಸಾವಿರದ ಹತ್ತಿರ. ಹೈವೇ ಓಡಾಟ ಗೇರ್‌ಬಾಕ್ಸಿಗೆ ಸುಖದ ಕೆಲಸ. ಭರಮಸಾಗರ ದಾಟಿದ ಮೇಲೂ ಗೇರು ಬದಲಿಸುವ ಕೆಲಸ ಅಷ್ಟೇನೂ ಇರುವುದಿಲ್ಲ. ಅದೇ ದಾವಣಗೆರೆ ಪಿ.ಬಿ. ರಸ್ತೆಯಲ್ಲಿ ಸಂಜೆ ಆರಕ್ಕೆ ಓಡಿಸುವವರ ಗಾಡಿಯ ಕಥೆ ಬೇರೆ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಬದಲಿಸುವ ಅವಧಿ ಕೊಟ್ಟಿದ್ದರೆ ಅದೇ ಕೊನೆಯ ಮಾತು. ಪುಸ್ತಕವೇ ಕಳೆದಿದ್ದರೆ ನಾನು 50 ಸಾವಿರಕ್ಕೊಮ್ಮೆ ಬದಲಿಸಿ ಅನ್ನುತ್ತೇನೆ. ಇದು ನನ್ನ ಅಂದಾಜು, ಕಂಪನಿಯ ಮಾತಲ್ಲ. ನಿಮ್ಮದು ಸೆಕೆಂಡ್ ಹ್ಯಾಂಡ್. ಹಿಂದಿನವರು ಬದಲಿಸಿದರೋ ಇಲ್ಲವೋ ಯಾರಿಗೆ ಗೊತ್ತು? 92 ಸಾವಿರಕ್ಕೆ ಬದಲಿಸುವುದು ದುಂದಲ್ಲ. ನಮ್ಮಜ್ಜ ಎತ್ತಿನ ಗಾಡಿಗೆ ಕೀಲೆಣ್ಣೆ ಹಚ್ಚದೆ ಸಂತೆಗೆ ಹೊರಡುತ್ತಿರಲಿಲ್ಲ.

ಆದರೆ ತಡೆಯಿರಿ. ಗೇರ್ ಬಿಗಿ ಅಂದ ಕೂಡಲೇ ತಪ್ಪನ್ನು ಆಯಿಲ್ ಮೇಲೆ ಹೊರಿಸಬೇಡಿ. ನನ್ನ ಶೆಡ್ಡಿಗೆ ಒಮ್ಮೆ ಒಬ್ಬರು ಬಂದರು. ಮೂರು ಕಡೆ ತೋರಿಸಿದ್ದೇನೆ, ಗೇರ್‌ಬಾಕ್ಸ್ ಇಳಿಸಬೇಕಂತೆ ಎಂದು ಮುಖ ಸಣ್ಣದು ಮಾಡಿಕೊಂಡಿದ್ದರು. ನಾನು ಸೀಟಿನಲ್ಲಿ ಕೂತು ಕ್ಲಚ್ ಒತ್ತಿದೆ. ಪೆಡಲ್ ಕೆಳಗೆ ದಪ್ಪನೆಯ ಹೊಸ ಮ್ಯಾಟ್, ಅದರ ಮೇಲೆ ಅವರ ಮನೆಯವರು ಹಾಕಿದ ತೆಂಗಿನ ನಾರಿನ ಇನ್ನೊಂದು ಮ್ಯಾಟ್. ಪೆಡಲ್ ಪೂರ್ತಿ ಕೆಳಗೆ ಹೋಗುತ್ತಲೇ ಇರಲಿಲ್ಲ. ಎರಡೂ ಎಳೆದು ಡಿಕ್ಕಿಗೆ ಹಾಕಿದೆ, ಗೇರು ಬೆಣ್ಣೆಯ ಹಾಗೆ ಬಿತ್ತು. ದಾವಣಗೆರೆಯಲ್ಲಿ ಬೆಣ್ಣೆಯ ಹೋಲಿಕೆ ಸುಮ್ನೆ ಕೊಡುವುದಿಲ್ಲ.

ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ಐದು ನಿಮಿಷ ಪರೀಕ್ಷೆ ಮಾಡಿ. ಎಂಜಿನ್ ಆಫ್ ಇರುವಾಗ ಎಲ್ಲ ಗೇರನ್ನೂ ಒಂದೊಂದಾಗಿ ಹಾಕಿ ನೋಡಿ. ಆಗಲೂ ಎಲ್ಲವೂ ಬಿಗಿ ಅಂದರೆ ಗೇರ್ ಲಿವರಿನ ಕೇಬಲ್ ಅಥವಾ ಬುಷ್ ಕಡೆ ನೋಡಬೇಕು. ಆಫ್ ಇರುವಾಗ ಸಲೀಸು, ಸ್ಟಾರ್ಟ್ ಮಾಡಿದ ಮೇಲೆ ಎಲ್ಲ ಗೇರೂ ಬಿಗಿ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಕೇಬಲ್ ಅಡ್ಜಸ್ಟ್ ಮಾಡಬೇಕಾಗಬಹುದು, ಕ್ಲಚ್ ಪ್ಲೇಟೇ ಹೋಗಿರಬಹುದು. ರಿವರ್ಸ್ ಹಾಕುವಾಗ ಮಾತ್ರ ‘ಕರ್’ ಅಂದರೆ ಗಾಬರಿ ಬೇಡ. ಅನೇಕ ಸಣ್ಣ ಕಾರುಗಳಲ್ಲಿ ರಿವರ್ಸ್ ಗೇರಿಗೆ ಸಿಂಕ್ರೊ, ಅಂದರೆ ಗೇರುಗಳ ವೇಗ ಸಮ ಮಾಡುವ ಭಾಗ, ಇರುವುದಿಲ್ಲ. ಕ್ಲಚ್ ಒತ್ತಿ ಮೂರು ಎಣಿಸಿ ಆಮೇಲೆ ಹಾಕಿ. ಐದು ಎಣಿಸಿದರೂ ಕರ್ ಅಂದರೆ ಮತ್ತೆ ಕ್ಲಚ್ ಕಡೆಗೇ ಬೆರಳು ತೋರಿಸಿ.

ಒಂದೇ ಒಂದು ಗೇರು, ಗಾಡಿ ಬಿಸಿಯಾದ ಮೇಲೂ ಉಜ್ಜುತ್ತದೆ ಅಂದರೆ ಆ ಗೇರಿನ ಸಿಂಕ್ರೊ ರಿಂಗ್ ಸವೆದಿದೆ. ಅದಕ್ಕೆ ಎಂಥ ಆಯಿಲ್ ಹಾಕಿದರೂ ಅಷ್ಟೇ. ಡಬ್ಬಿಯಲ್ಲಿ ಸಿಗುವ ‘ಗೇರ್ ಟಾನಿಕ್’ಗಳೂ ಅಷ್ಟೇ.

ನಿಮ್ಮದು ಇವು ಯಾವುದೂ ಅಲ್ಲ ಅನಿಸುತ್ತದೆ. ತಣ್ಣಗಿದ್ದಾಗ ಬಿಗಿ, ಬಿಸಿಯಾದ ಮೇಲೆ ಸಲೀಸು. ಸಿಂಕ್ರೊ ರಿಂಗ್ ಅನ್ನುವುದು ಒಳಗಿನ ಪುಟ್ಟ ಬ್ರೇಕ್ ಇದ್ದ ಹಾಗೆ. ಎರಡು ಗೇರುಗಳ ವೇಗ ಸಮ ಮಾಡಲು ಅದು ಕೋನ್ ಮೇಲೆ ಒತ್ತಿ ಹಿಡಿಯಬೇಕು. ಹಿಡಿಯಬೇಕಾದರೆ ಮಧ್ಯದಲ್ಲಿರುವ ಆಯಿಲ್ ಪದರ ಮೊದಲು ಪಕ್ಕಕ್ಕೆ ಸರಿಯಬೇಕು. ಆಯಿಲ್ ತಣ್ಣಗೆ ಮಂದವಾಗಿದ್ದರೆ ಸರಿಯಲು ತಡ. ಆ ತಡವೇ ನಿಮ್ಮ ಕೈಗೆ ಬಿಗಿ ಅನಿಸುವುದು. ಚಳಿಗಾಲದ ಬೆಳಿಗ್ಗೆ ದುರ್ಗದ ಗಾಳಿಯಲ್ಲಿ ನಿಂತ ಗಾಡಿಗೆ ಇದು ಜಾಸ್ತಿ, ಅಲ್ವಾ? ಆಯಿಲ್ ಹಳತಾಗಿದ್ದರೂ ಹೀಗಾಗುತ್ತದೆ, ಹಿಂದಿನವರು ದಪ್ಪನೆಯದನ್ನು ಹಾಕಿದ್ದರೂ ಹೀಗಾಗುತ್ತದೆ.

ಇಲ್ಲಿಗೆ ಅಂಗಡಿಯವರ ಡಬ್ಬಿಯ ವಿಷಯ ಬಂತು. ಲಾರಿಗೂ ಇದೇ ಅಂದದ್ದು ಸುಳ್ಳಲ್ಲ. ಲಾರಿ, ಬೊಲೆರೊ ಇಂಥವುಗಳ ಹಿಂದಿನ ಆಕ್ಸಲ್‌ನಲ್ಲಿ ಒಂದು ದೊಡ್ಡ ಗುಂಡನೆ ಹೌಸಿಂಗ್ ಇರುತ್ತದೆ, ನಾವು ಕ್ರೌನ್ ಅನ್ನುತ್ತೇವೆ. ಅಲ್ಲಿನ ಹಲ್ಲುಗಳು ಉರುಳುವುದಷ್ಟೇ ಅಲ್ಲ, ಒಂದರ ಮೇಲೊಂದು ಜಾರುತ್ತವೆ. ಆ ಒತ್ತಡಕ್ಕೆ ಸಾದಾ ಆಯಿಲ್ ಪದರ ಹರಿದುಹೋಗುತ್ತದೆ. ಹಾಗಾಗಿ ಗಂಧಕ, ರಂಜಕದ ರಾಸಾಯನಿಕಗಳನ್ನು ಜಾಸ್ತಿ ಬೆರೆಸಿದ ಜಿಎಲ್-5 ಹಾಕುತ್ತಾರೆ. ಗೇರ್ ಆಯಿಲ್ ಡಬ್ಬಿ ತೆಗೆದಾಗ ಬರುವ ಕಮಟು ವಾಸನೆ ಆ ಗಂಧಕದ್ದೇ. ಜಿಎಲ್-4ರಲ್ಲಿ ಇದು ಹೆಚ್ಚುಕಡಿಮೆ ಅರ್ಧದಷ್ಟು ಇರುತ್ತದೆ.

ನಿಮ್ಮ ಸ್ವಿಫ್ಟ್ ಮುಂದಿನ ಚಕ್ರ ಎಳೆಯುವ ಗಾಡಿ. ಬೇರೆ ಕ್ರೌನ್ ಇಲ್ಲ, ಅದರ ಕೆಲಸ ಮಾಡುವ ಡಿಫರೆನ್ಶಿಯಲ್ ಗೇರ್‌ಬಾಕ್ಸ್ ಒಳಗೇ ಇದೆ, ಎರಡಕ್ಕೂ ಒಂದೇ ಆಯಿಲ್. ಇಂಥ ಗೇರ್‌ಬಾಕ್ಸಿನ ಸಿಂಕ್ರೊ ರಿಂಗ್ ಸಾಮಾನ್ಯವಾಗಿ ಹಿತ್ತಾಳೆ ಜಾತಿಯದು. ಜಿಎಲ್-5ರ ಗಂಧಕ ಆ ಲೋಹವನ್ನು ತಿನ್ನಬಹುದು. ತಿನ್ನದಿದ್ದರೂ ಅದರ ಜಾರುತನಕ್ಕೆ ರಿಂಗ್ ಸರಿಯಾಗಿ ಹಿಡಿಯುವುದಿಲ್ಲ. ಬಿಗಿ ಕಡಿಮೆ ಮಾಡಲು ಹೋಗಿ ಬಿಗಿ ಜಾಸ್ತಿ ಮಾಡಿಕೊಂಡ ಹಾಗಾಗುತ್ತದೆ. ಡಬ್ಬಿಯ ಮೇಲೆ ‘ಜಿಎಲ್-4’ ಅಂತ ಇರಬೇಕು. ಈ ವರ್ಗದ ಕಾರುಗಳಿಗೆ ಸಾಮಾನ್ಯವಾಗಿ 75ಡಬ್ಲ್ಯು-80ರಿಂದ 75ಡಬ್ಲ್ಯು-90ರ ನಡುವೆ ಒಂದನ್ನು ಹೇಳಿರುತ್ತಾರೆ. ಯಾವುದು, ಎಷ್ಟು ಲೀಟರ್ ಅನ್ನುವುದನ್ನು ನಿಮ್ಮ ವರ್ಷದ, ನಿಮ್ಮ ಎಂಜಿನ್ನಿನ ಪುಸ್ತಕದಲ್ಲೇ ನೋಡಿ. ಒಂದೇ ಹೆಸರಿನ ಕಾರಿಗೆ ಪೆಟ್ರೋಲ್, ಡೀಸೆಲ್ ಗೇರ್‌ಬಾಕ್ಸ್ ಬೇರೆ ಬೇರೆ ಇರುತ್ತವೆ.

ಎಲ್ಲರೂ ಒಂದು ಪ್ರಶ್ನೆ ಕೇಳುತ್ತಾರೆ. ಎಂಜಿನ್ನಿಗೆ 30 ಅಥವಾ 40 ನಂಬರ್ ಆಯಿಲ್, ಗೇರ್‌ಬಾಕ್ಸಿಗೆ 90, ಹಾಗಾದರೆ ಇದು ಮೂರು ಪಟ್ಟು ದಪ್ಪವಾ? ಇಲ್ಲ. ಎರಡೂ ಬೇರೆ ಬೇರೆ ಅಳತೆಗೋಲು. ಬಿಸಿಯಾದಾಗ ಗೇರ್ ಆಯಿಲಿನ 90, ಎಂಜಿನ್ ಆಯಿಲಿನ 40-50ರ ಹತ್ತಿರ ಬರುತ್ತದೆ. ಬೆಳಗಿನ ಬಿಗಿಗೆ ಲೆಕ್ಕಕ್ಕೆ ಬರುವುದು ಡಬ್ಲ್ಯು ಅಕ್ಷರಕ್ಕೆ ಮೊದಲು ಬರುವ ನಂಬರ್. ಅದು ಚಿಕ್ಕದಿದ್ದಷ್ಟೂ ಚಳಿಯಲ್ಲಿ ಆಯಿಲ್ ಸಲೀಸಾಗಿ ಹರಿಯುತ್ತದೆ. 80 ಬಿಟ್ಟು 75 ಹಾಕಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಈಗ ಜಾಗದ ವಿಷಯ. ಇಲ್ಲಿ ನನ್ನ ಮಾತು ಸ್ವಲ್ಪ ಖಾರ ಅನಿಸಿದರೂ ಪರವಾಗಿಲ್ಲ. ಡಿಕ್ಕಿಯಲ್ಲಿ ಸ್ಟೆಪ್ನಿ ಜೊತೆ ಕೊಟ್ಟಿರುವ ಜಾಕ್ ಚಕ್ರ ಬದಲಿಸಲು ಮಾತ್ರ. ಅದರ ಮೇಲೆ ಗಾಡಿ ನಿಲ್ಲಿಸಿ ಕೆಳಗೆ ತೂರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸಿಮೆಂಟ್ ಬ್ಲಾಕ್ ಪೇರಿಸುವುದೂ ಬೇಡ. ಇಟ್ಟಿಗೆಯೂ ಬ್ಲಾಕೂ ಸೂಚನೆ ಕೊಡದೆ ಒಂದೇ ಸಲ ಪುಡಿಯಾಗುತ್ತವೆ. ಲೋಹದ ಜಾಕ್ ಸ್ಟ್ಯಾಂಡ್ ಬೇಕು, ನಾಲ್ಕು ಬೇಕು. ಎರಡು ಸಾಲದು, ಯಾಕೆಂದರೆ ಈ ಕೆಲಸಕ್ಕೆ ಗಾಡಿ ಸಮಮಟ್ಟದಲ್ಲಿ ಇರಬೇಕು. ಎಂಜಿನ್ ಆಯಿಲ್ ಬದಲಿಸುವಾಗ ಮೂತಿ ಎತ್ತಿದ್ದರೂ ನಡೆಯುತ್ತದೆ, ಕೊನೆಗೆ ಕೆಳಗಿಳಿಸಿ ಡಿಪ್‌ಸ್ಟಿಕ್ ನೋಡಿದರಾಯಿತು. ಇಂಥ ಗೇರ್‌ಬಾಕ್ಸಿಗೆ ಸಾಮಾನ್ಯವಾಗಿ ಡಿಪ್‌ಸ್ಟಿಕ್ ಇರುವುದಿಲ್ಲ. ಆಯಿಲ್ ಹಾಕುವ ತೂತಿನ ಅಂಚೇ ಅದರ ಲೆವೆಲ್. ಮೂತಿ ಎತ್ತಿದರೆ ಲೆವೆಲ್ ಸುಳ್ಳಾಗುತ್ತದೆ.

ನೆಲವನ್ನೂ ನೋಡಿ. ದಾವಣಗೆರೆ ಕಡೆಯ ಎರೆ ಮಣ್ಣಿನಲ್ಲಿ ಸ್ಟ್ಯಾಂಡ್ ಕಾಲು ನಿಧಾನಕ್ಕೆ ಇಳಿಯುತ್ತದೆ, ಕೆಳಗೆ ಮಲಗಿದವರಿಗೆ ಗೊತ್ತೂ ಆಗುವುದಿಲ್ಲ. ಅಂಗಳಕ್ಕೆ ಹಾಸಿದ ಕಡಪ ಕಲ್ಲು ನುಣುಪು, ಮೇಲಾಗಿ ಒಂದೇ ಕಡೆ ಭಾರ ಬಿದ್ದರೆ ಬಿರಿಯುತ್ತದೆ. ದುರ್ಗದಲ್ಲಿ ನೆಲ ಗಟ್ಟಿ, ಆದರೆ ಬೆಟ್ಟದ ಬದಿಯ ಬೀದಿಗಳು ಇಳಿಜಾರು. ಒಳ್ಳೆಯ ಕಾಂಕ್ರೀಟ್ ನೆಲ ಇದ್ದರೆ ಸರಿ.

ಇಲ್ಲದಿದ್ದರೆ ಒಂದು ಉಪಾಯ ಹೇಳುತ್ತೇನೆ. ವಾಟರ್ ಸರ್ವಿಸ್ ಮಾಡುವವರ ಬಳಿ ಗಾಡಿ ಹತ್ತಿಸುವ ರ‍್ಯಾಂಪ್ ಇರುತ್ತದೆ. ಅದರ ಮೇಲೆ ಗಾಡಿ ನಾಲ್ಕು ಚಕ್ರದ ಮೇಲೆ ಸಮವಾಗಿ ನಿಲ್ಲುತ್ತದೆ, ಕೆಳಗೆ ನೀವು ಬಗ್ಗಿ ಓಡಾಡಬಹುದು. ಒಂದು ಗಂಟೆಗೆ ಇಷ್ಟು ಅಂತ ಕೊಟ್ಟರೆ ಬಹಳ ಮಂದಿ ಒಪ್ಪುತ್ತಾರೆ. ಅಮಾವಾಸ್ಯೆ ದಿನ ಮಾತ್ರ ಹೋಗಬೇಡಿ. ಪೂಜೆಗೆ ಗಾಡಿ ತೊಳೆಸುವವರ ಸಾಲು ಬೀದಿವರೆಗೂ ಇರುತ್ತದೆ. ಇದನ್ನು ಮನೆಯಲ್ಲಿ ಮಾಡಿದ್ದು ಅನ್ನಬಹುದಾ ಅಂತ ಕೇಳಬೇಡಿ. ಕೈ ನಿಮ್ಮದೇ ತಾನೇ.

ಇನ್ನು ಈ ಉತ್ತರದ ಮುಖ್ಯ ಮಾತು. ಗೇರ್‌ಬಾಕ್ಸಿಗೆ ಎರಡು ಬೋಲ್ಟ್. ಕೆಳಗಿನದು ಹಳೇ ಆಯಿಲ್ ಇಳಿಸಲು. ಪಕ್ಕದಲ್ಲಿ, ಸ್ವಲ್ಪ ಮೇಲೆ ಇರುವುದು ಹೊಸದು ಹಾಕಲು. ಮೊದಲು ಮೇಲಿನದನ್ನು ಸಡಿಲಿಸಿ. ಅದು ಬಿಚ್ಚಿ ಕೈಗೆ ಬಂದ ಮೇಲೆಯೇ ಕೆಳಗಿನದನ್ನು ಮುಟ್ಟಿ.

ನಾನು ಇದನ್ನು ಕಲಿತದ್ದು ಪುಸ್ತಕದಿಂದಲ್ಲ. ಕೆಲಸಕ್ಕೆ ಸೇರಿ ಎರಡನೇ ವರ್ಷ. ಸಂಜೆ ಹೊತ್ತು, ಮೇಸ್ತ್ರಿ ಚಹಾಕ್ಕೆ ಹೋಗಿದ್ದರು. ನಾನು ಜಾಣತನ ತೋರಿಸಲು ಕೆಳಗಿನ ಬೋಲ್ಟ್ ಬಿಚ್ಚಿ ಆಯಿಲ್ ಪೂರ್ತಿ ಇಳಿಸಿದೆ, ಬೋಲ್ಟ್ ಒರೆಸಿ ವಾಪಸ್ ಹಾಕಿದೆ. ಆಮೇಲೆ ಮೇಲಿನದಕ್ಕೆ ಸ್ಪ್ಯಾನರ್ ಹಾಕಿದರೆ ಅಲ್ಲಾಡಲಿಲ್ಲ. ವರ್ಷಗಟ್ಟಲೆ ಮಣ್ಣು, ತುಕ್ಕು ಕೂತಿತ್ತು. ಪೈಪ್ ಹಾಕಿ ಎಳೆದೆ, ಬೋಲ್ಟಿನ ಮೂಲೆಗಳೇ ಸವೆದು ಗುಂಡಗಾಯಿತು. ಗಾಡಿ ಮಾಲೀಕರಿಗೆ ಮರುದಿನ ಬೆಳಿಗ್ಗೆ ಹರಿಹರದಲ್ಲಿ ಮದುವೆ, ಅವರದೇ ಮನೆಯ ಮದುವೆ. ಗೇರ್‌ಬಾಕ್ಸ್ ಖಾಲಿ, ಹಾಕಲು ದಾರಿಯಿಲ್ಲ, ಓಡಿಸುವ ಹಾಗಿಲ್ಲ. ರಾತ್ರಿ ಹನ್ನೊಂದಕ್ಕೆ ವೆಲ್ಡಿಂಗ್‌ನವರನ್ನು ಮನೆಯಿಂದ ಎಬ್ಬಿಸಿ ತಂದು, ಗುಂಡಗಾದ ತಲೆಗೆ ಒಂದು ನಟ್ ಬೆಸೆದು ತಿರುಗಿಸಿದೆವು. ಮೇಸ್ತ್ರಿ ಬೈಯಲಿಲ್ಲ. ಅದೇ ಜಾಸ್ತಿ ನೋವಾಯಿತು.

ಮೇಲಿನದು ಬಿಚ್ಚದಿದ್ದರೆ ನೀವು ಕಳೆದುಕೊಂಡದ್ದು ಏನೂ ಇಲ್ಲ. ಹಳೇ ಆಯಿಲ್ ಒಳಗೇ ಇದೆ, ಗಾಡಿ ಓಡಿಸಿಕೊಂಡು ಮೆಕ್ಯಾನಿಕ್ ಹತ್ತಿರ ಹೋಗಬಹುದು. ಹಿಂದಿನ ದಿನವೇ ಬೋಲ್ಟ್ ಸುತ್ತ ವೈರ್ ಬ್ರಷ್‌ನಲ್ಲಿ ಉಜ್ಜಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಆರು ಮೂಲೆಯ ಸಾಕೆಟ್ ಬಳಸಿ, ಹನ್ನೆರಡು ಮೂಲೆಯದು ಬೇಗ ಜಾರುತ್ತದೆ. ಕೆಲವು ಬೋಲ್ಟಿಗೆ ಹೊರಗೆ ತಲೆ ಇರುವುದಿಲ್ಲ, ಒಳಗೆ ಚೌಕ ಗುಂಡಿ ಇರುತ್ತದೆ. ಅದರೊಳಗಿನ ಮಣ್ಣನ್ನು ಮೊಳೆಯಿಂದ ಕೆದಕಿ ತೆಗೆದ ಮೇಲೆಯೇ ಹತಾರ ಕೂರಿಸಿ.

ಇನ್ನೊಂದು ಎಚ್ಚರಿಕೆ. ಎಂಜಿನ್ನಿನ ಡ್ರೇನ್ ಬೋಲ್ಟ್ ಯಾವುದು, ಗೇರ್‌ಬಾಕ್ಸಿನದು ಯಾವುದು ಅಂತ ಖಚಿತ ಮಾಡಿಕೊಳ್ಳಿ. ಚಕ್ರಕ್ಕೆ ಹೋಗುವ ಎರಡು ಆಕ್ಸಲ್ ಯಾವ ಡಬ್ಬದಿಂದ ಹೊರಬರುತ್ತವೋ ಅದು ಗೇರ್‌ಬಾಕ್ಸ್. ಎಂಜಿನ್ ಕೆಳಗಿನ ತಟ್ಟೆಯಂಥದ್ದು ಆಯಿಲ್ ಚೇಂಬರ್. ನೀವು ಎಂಜಿನ್ ಆಯಿಲ್ ಬದಲಿಸುವವರು, ನಿಮಗೆ ಗೊತ್ತಿರುತ್ತದೆ. ಆದರೂ ಹೇಳಿದೆ. ಎಂಜಿನ್ ಆಯಿಲ್ ಅಂತ ಗೇರ್ ಆಯಿಲ್ ಇಳಿಸಿ, ಎಂಜಿನ್ನಿಗೆ ಮೇಲಿಂದ ಇನ್ನೊಂದು ಡಬ್ಬಿ ಸುರಿದ ಗಾಡಿ ನನ್ನ ಬಳಿ ಬಂದದ್ದಿದೆ. ಒಂದು ಕಡೆ ಹೊಗೆ, ಇನ್ನೊಂದು ಕಡೆ ಒಣ ಗೇರ್‌ಬಾಕ್ಸಿನ ಅರಚಾಟ.

ಕೆಲಸ ಶುರು ಮಾಡುವ ಮೊದಲು ಗಾಡಿಯನ್ನು ಹತ್ತು ಕಿ.ಮೀ. ಓಡಿಸಿ ಬನ್ನಿ. ಬೆಚ್ಚಗಾದ ಆಯಿಲ್ ಚೆನ್ನಾಗಿ ಇಳಿಯುತ್ತದೆ, ಪುಡಿಯನ್ನೂ ಎಳೆದು ತರುತ್ತದೆ. ಕೈ ಸುಡುವಷ್ಟು ಬಿಸಿ ಬೇಡ, ಕಾಲು ಗಂಟೆ ಬಿಡಿ. ಕೆಳಗೆ ಅಗಲ ಬಾಣಲೆ ಇಡಿ. ಬೋಲ್ಟ್ ತೆಗೆದ ಕೂಡಲೇ ಆಯಿಲ್ ನೇರ ಕೆಳಗೆ ಬೀಳುವುದಿಲ್ಲ, ಒಂದು ಮೊಳ ಆಚೆ ಚಿಮ್ಮುತ್ತದೆ. ಇಪ್ಪತ್ತು ನಿಮಿಷ ಇಳಿಯಲು ಬಿಡಿ. ಹತ್ತಿರದಲ್ಲಿ ಮಂಡಕ್ಕಿ, ಮಿರ್ಚಿ ಸಿಗುತ್ತಿದ್ದರೆ ಇದು ಅದರ ಸಮಯ. ಮೊದಲು ಸೋಪು ಹಾಕಿ ಕೈ ತೊಳೆಯಿರಿ, ಆ ಗಂಧಕದ ವಾಸನೆ ಮಿರ್ಚಿಗೂ ಹತ್ತುತ್ತದೆ.

ಬೋಲ್ಟಿನ ತುದಿಯ ಮ್ಯಾಗ್ನೆಟ್ ನೋಡಿ. ಕಾಡಿಗೆಯ ಹಾಗೆ ನುಣ್ಣನೆಯ ಬೂದುಗಪ್ಪು ಲೇಪ ಕೂತಿದ್ದರೆ ಅದು ಸಹಜ, ಒರೆಸಿಬಿಡಿ. ಬೆರಳಿಗೆ ಚುಚ್ಚುವ ಚೂರು, ಹಲ್ಲಿನ ತುಂಡು ಸಿಕ್ಕರೆ ಸಹಜವಲ್ಲ. ಆಯಿಲನ್ನು ಬಿಸಿಲಿಗೆ ಹಿಡಿದಾಗ ಚಿನ್ನದ ಬಣ್ಣದ ಮಿಣುಕು ಕಂಡರೆ ಸಿಂಕ್ರೊ ರಿಂಗ್ ಸವೆಯುತ್ತಿದೆ ಅಂತ. ಹಿತ್ತಾಳೆ ಮ್ಯಾಗ್ನೆಟ್ಟಿಗೆ ಅಂಟುವುದಿಲ್ಲ, ಹಾಗಾಗಿ ಅದನ್ನು ಆಯಿಲಿನಲ್ಲೇ ಹುಡುಕಬೇಕು. ಆಯಿಲ್ ಹಾಲು ಬೆರೆಸಿದ ಕಾಫಿ ಹಾಗಿದ್ದರೆ ನೀರು ಸೇರಿದೆ. ಮಳೆಗಾಲದಲ್ಲಿ ರೈಲ್ವೆ ಅಂಡರ್‌ಪಾಸಿನ ನೀರಿಗೆ ಬಿಸಿ ಗಾಡಿ ಇಳಿಸಿದರೆ ಹೀಗಾಗುತ್ತದೆ. ಗೇರ್‌ಬಾಕ್ಸ್ ಥಟ್ಟನೆ ತಣ್ಣಗಾಗಿ, ಉಸಿರಾಟದ ತೂತಿನಿಂದ ನೀರು ಎಳೆದುಕೊಳ್ಳುತ್ತದೆ. ಇಳಿದ ಆಯಿಲನ್ನು ಅಳೆಯಲು ಮರೆಯಬೇಡಿ. ಪುಸ್ತಕದ ಲೆಕ್ಕಕ್ಕಿಂತ ಅರ್ಧ ಲೀಟರ್ ಕಡಿಮೆ ಬಂದರೆ ಎಲ್ಲೋ ಸೋರಿದೆ. ಮೊದಲು ಆಕ್ಸಲ್ ಸೀಲ್ ನೋಡಿ.

ಕೆಳಗಿನ ಬೋಲ್ಟಿಗೆ ವಾಷರ್ ಇದ್ದರೆ ಹೊಸದು ಹಾಕಿ. ಕೆಲವಕ್ಕೆ ವಾಷರ್ ಬದಲು ಮರೆಗೆ, ಅಂದರೆ ಥ್ರೆಡ್ಡಿಗೆ, ಸೀಲಂಟ್ ಹಚ್ಚುತ್ತಾರೆ. ಬಿಚ್ಚುವಾಗ ಹೇಗಿತ್ತು ಅಂತ ಫೋಟೊ ತೆಗೆದಿಟ್ಟುಕೊಳ್ಳಿ. ಬಿಗಿ ಮಾಡುವಾಗ ಬಲ ತೋರಿಸಬೇಡಿ. ಗೇರ್‌ಬಾಕ್ಸ್ ಮೈ ಅಲ್ಯೂಮಿನಿಯಂ, ಬೋಲ್ಟ್ ಕಬ್ಬಿಣ. ಮರೆ ಹೋದರೆ ಹೋಗುವುದು ಗೇರ್‌ಬಾಕ್ಸಿನದೇ. ಎಷ್ಟು ಬಿಗಿ ಅಂತ ಅಳೆದು ತಿರುಗಿಸುವ ಟಾರ್ಕ್ ವ್ರೆಂಚ್ ಬಾಡಿಗೆಗೋ ಸಾಲಕ್ಕೋ ಸಿಕ್ಕರೆ ತನ್ನಿ.

ಆಯಿಲ್ ಹಾಕುವುದು ಹೇಗೆ? ಪಕ್ಕದ ತೂತಿಗೆ ಡಬ್ಬಿ ಬಗ್ಗಿಸಲು ಆಗುವುದಿಲ್ಲ. ಗಾರೆ ಮೇಸ್ತ್ರಿಗಳು ಲೆವೆಲ್ ನೋಡುವ ಪಾರದರ್ಶಕ ಟ್ಯೂಬ್ ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಆರು ಮೀಟರ್ ತನ್ನಿ, ಎರಡು ಕೆಲಸಕ್ಕೆ ಬರುತ್ತದೆ. ಮೊದಲು ಅದಕ್ಕೆ ನೀರು ತುಂಬಿ, ಮೇಸ್ತ್ರಿಗಳ ಹಾಗೆಯೇ ಮುಂದಿನ ಮತ್ತು ಹಿಂದಿನ ಜಾಕ್ ಪಾಯಿಂಟಿನ ಎತ್ತರ ಒಂದೇ ಇದೆಯಾ ಅಂತ ನೋಡಿ. ಆಮೇಲೆ ಅದರಿಂದ ಒಂದೂವರೆ ಮೀಟರ್ ಕತ್ತರಿಸಿ, ಹನಿ ನೀರೂ ಉಳಿಯದ ಹಾಗೆ ಒಣಗಿಸಿ, ಬಾನೆಟ್ ಕಡೆಯಿಂದ ಇಳಿಸಿ ತೂತಿಗೆ ಸೇರಿಸಿ. ಮೇಲೆ ಲಾಳಿಕೆ ಇಟ್ಟು ಒಬ್ಬರು ಸುರಿಯಬೇಕು, ಕೆಳಗೆ ಇನ್ನೊಬ್ಬರು ತೂತು ನೋಡುತ್ತಿರಬೇಕು. ಮಂದವಾದ ಆಯಿಲ್, ಅವಸರ ಮಾಡಿದರೆ ಲಾಳಿಕೆ ತುಂಬಿ ಚೆಲ್ಲುತ್ತದೆ. ತೂತಿನ ಕೆಳ ಅಂಚಿನಿಂದ ಆಯಿಲ್ ಸಣ್ಣಗೆ ಹೊರಗೆ ಇಳಿಯತೊಡಗಿದರೆ ನಿಲ್ಲಿಸಿ. ಅದು ನಿಂತ ಮೇಲೆ ಬೋಲ್ಟ್ ಹಾಕಿ. ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಬಹಳ ಕಡಿಮೆಗೇ ಹೊರಬಂದರೆ ಗಾಡಿ ಸಮವಾಗಿಲ್ಲ, ಮತ್ತೆ ಟ್ಯೂಬ್ ಹಿಡಿಯಿರಿ.

ಲೆವೆಲ್ ಬಗ್ಗೆ ಇಷ್ಟು ಕೊರೆಯುವುದಕ್ಕೆ ಕಾರಣ ನಿಮ್ಮ ಹೈವೇ. ಈ ಜಾತಿಯ ಬಹಳಷ್ಟು ಗೇರ್‌ಬಾಕ್ಸ್‌ಗಳಲ್ಲಿ ಐದನೇ ಗೇರು ಒಂದು ತುದಿಯಲ್ಲಿ ಕೂತಿರುತ್ತದೆ. ಆಯಿಲ್ ಕಡಿಮೆಯಾದರೆ ಮೊದಲು ಬಾಯಾರುವುದು ಅದಕ್ಕೆ. ನೀವು ದಿನಾ ಎರಡು ಗಂಟೆ ಓಡಿಸುವುದು ಅದೇ ಗೇರಿನಲ್ಲಿ. ಜಾಸ್ತಿ ಹಾಕಿದರೂ ಲಾಭವಿಲ್ಲ, ನೊರೆ ಬರುತ್ತದೆ, ಸೀಲಿನಿಂದ ಸೋರುತ್ತದೆ. ಎಲ್ಲ ಮುಗಿದ ಮೇಲೆ ಹತ್ತು ಕಿ.ಮೀ. ಓಡಿಸಿ. ರಾತ್ರಿ ಗಾಡಿ ಕೆಳಗೆ ಹಳೇ ಪೇಪರ್ ಹಾಸಿಡಿ. ಬೆಳಿಗ್ಗೆ ಪೇಪರ್ ಮೇಲೆ ಆಯಿಲ್ ಕಲೆ ಇಲ್ಲದಿದ್ದರೆ ಕೆಲಸ ಸರಿಯಾಗಿದೆ.

ಹಳೇ ಆಯಿಲ್ ಚರಂಡಿಗೆ ಬೇಡ, ಗಿಡದ ಬುಡಕ್ಕೂ ಬೇಡ. ಗೆದ್ದಲಿಗೆ ಒಳ್ಳೆಯದು ಅಂತ ಬಾಗಿಲು, ತೊಲೆಗೆ ಬಳಿಯುವವರಿದ್ದಾರೆ. ಮನೆಯೊಳಗೆ ಅದು ಬೇಡವೇ ಬೇಡ. ಕಾನೂನಿನ ಲೆಕ್ಕದಲ್ಲಿ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ, 2016ರ ನಿಯಮಗಳಲ್ಲಿ ಹಾಗೇ ಇದೆ. ಖಾಲಿ ಡಬ್ಬಿಗೆ ಸುರಿದು ಮುಚ್ಚಳ ಹಾಕಿ, ಬ್ಯಾರಲ್ ಇಟ್ಟು ಹಳೇ ಆಯಿಲ್ ಮಾರುವ ದೊಡ್ಡ ಗ್ಯಾರೇಜಿಗೆ ಕೊಟ್ಟುಬಿಡಿ. ಮತ್ತೆ ಬೇಡವಾದ ಬ್ರ್ಯಾಂಡೆಡ್ ಖಾಲಿ ಡಬ್ಬಿಯನ್ನು ಗುಜರಿಗೆ ಹಾಕುವ ಮೊದಲು ಚಾಕುವಿನಿಂದ ಒಂದು ಗೀರು ಎಳೆಯಿರಿ. ಇಲ್ಲದಿದ್ದರೆ ಅದೇ ಡಬ್ಬಿಯಲ್ಲಿ ನಕಲಿ ತುಂಬಿ ಯಾರಿಗೋ ಮಾರುತ್ತಾರೆ.

ಕೊನೆಗೆ ಭಾಮೈದನ ಕಾರು. ಯಾವ ಜಾತಿಯ ಆಟೊಮ್ಯಾಟಿಕ್ ಅಂತ ನೀವು ಬರೆದಿಲ್ಲ. ಹೆಸರು ಒಂದೇ, ಒಳಗಿರುವುದು ಬೇರೆ ಬೇರೆ.

ನಮ್ಮ ಕಡೆ ಜಾಸ್ತಿ ಇರುವುದು ಎಎಂಟಿ, 2014ರಲ್ಲಿ ಸೆಲೆರಿಯೊ ಜೊತೆ ಬಂತಲ್ಲ, ಅದು. ಅದರೊಳಗೆ ಇರುವುದು ನಿಮ್ಮದರಂಥದೇ ಮ್ಯಾನ್ಯುಯಲ್ ಗೇರ್‌ಬಾಕ್ಸ್. ಕ್ಲಚ್ ಒತ್ತಲು, ಗೇರ್ ಹಾಕಲು ಒಂದು ಯಂತ್ರ ಕೂರಿಸಿದ್ದಾರೆ. ಗೇರ್‌ಬಾಕ್ಸಿನ ಆಯಿಲ್ ಬೇರೆ, ಆ ಯಂತ್ರದ ಹೈಡ್ರಾಲಿಕ್ ಆಯಿಲ್ ಬೇರೆ. ಒಂದನ್ನು ಇನ್ನೊಂದಕ್ಕೆ ಹಾಕಿದರೆ ಕೆಟ್ಟಿತು.

ಸಿವಿಟಿ ಆಗಿದ್ದರೆ ಅದರಲ್ಲಿ ಹಲ್ಲಿನ ಗೇರುಗಳ ಬದಲು ಎರಡು ಪುಲ್ಲಿ, ನಡುವೆ ಉಕ್ಕಿನ ಬೆಲ್ಟ್. ಅಲ್ಲಿ ಆಯಿಲಿನ ಕೆಲಸ ಬರೀ ಜಾರಿಸುವುದಲ್ಲ, ಬೆಲ್ಟಿಗೆ ಹಿಡಿತವನ್ನೂ ಕೊಡಬೇಕು. ಕಂಪನಿ ಹೇಳಿದ ಸಿವಿಟಿ ಆಯಿಲ್ ಬಿಟ್ಟು ಬೇರೆ ಹಾಕಿದರೆ ಬೆಲ್ಟ್ ಜಾರಿ ಪುಲ್ಲಿಗೆ ಗೀರು ಬೀಳುತ್ತದೆ. ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ಆಯಿಲಿನ ಮೂಲಕ ಬಲ ದಾಟಿಸುವ ಭಾಗ) ಇರುವುದಾದರೆ ಎಟಿಎಫ್, ಅಂದರೆ ಆಟೊಮ್ಯಾಟಿಕ್ಕಿಗೆಂದೇ ಇರುವ ಆಯಿಲ್. ಕೆಳಗಿನ ಬೋಲ್ಟ್ ಬಿಚ್ಚಿದರೆ ಪೂರ್ತಿ ಆಯಿಲ್ ಬರುವುದೇ ಇಲ್ಲ. ಅರ್ಧಕ್ಕಿಂತ ಜಾಸ್ತಿ ಕನ್ವರ್ಟರ್, ಕೂಲರ್, ಪೈಪುಗಳಲ್ಲೇ ಉಳಿಯಬಹುದು. ಡಬಲ್ ಕ್ಲಚ್ ಇರುವುದರ ಕಥೆ ಇನ್ನೂ ಬೇರೆ.

ಇವುಗಳಲ್ಲಿ ನಿಜವಾದ ಕಷ್ಟ ಲೆವೆಲ್ ನೋಡುವುದು. ಅನೇಕ ಗಾಡಿಗಳಲ್ಲಿ ಎಂಜಿನ್ ಓಡುತ್ತಿರಬೇಕು, ಲಿವರನ್ನು ಪಿ ಇಂದ ಡಿ ವರೆಗೆ ಒಂದು ಸುತ್ತು ತರಬೇಕು, ಆಯಿಲಿನ ಬಿಸಿ ಇಂತಿಷ್ಟೇ ಡಿಗ್ರಿ ಇರಬೇಕು. ಕೆಲವಕ್ಕೆ 35ರಿಂದ 45 ಡಿಗ್ರಿ ಒಳಗೆ ನೋಡಿ ಮುಗಿಸಬೇಕು. ಮೇ ತಿಂಗಳ ಮಧ್ಯಾಹ್ನ ದಾವಣಗೆರೆ ಬಿಸಿಲಿನಲ್ಲಿ ನಿಂತ ಗಾಡಿಯ ಆಯಿಲ್ ಸ್ಟಾರ್ಟ್ ಮಾಡುವ ಮೊದಲೇ ಅಲ್ಲಿಗೆ ಬಂದಿರುತ್ತದೆ! ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಇಲ್ಲದೆ ಆ ಬಿಸಿ ಗೊತ್ತಾಗುವುದಿಲ್ಲ. ಅರ್ಧ ಲೀಟರ್ ಹೆಚ್ಚುಕಡಿಮೆ ಆದರೂ ಈ ಗೇರ್‌ಬಾಕ್ಸ್‌ಗಳು ಸಹಿಸುವುದಿಲ್ಲ. ರಿಪೇರಿ ಬಿಲ್ ಲಕ್ಷದ ಮಾತಾಡುತ್ತದೆ. ಸ್ಕ್ಯಾನರ್ ಇರುವ, ಅದೇ ಜಾತಿಯ ಗೇರ್‌ಬಾಕ್ಸಿನಲ್ಲಿ ಕೈ ಪಳಗಿದವರ ಬಳಿ ಒಯ್ಯಲಿ. ಬಹಳ ಓಡಿದ ಗಾಡಿಗೆ ಮೆಷಿನ್ ಹಾಕಿ ಫ್ಲಶ್ ಮಾಡುತ್ತೇವೆ ಅಂದರೆ ನಾನಾದರೆ ಒಪ್ಪುವುದಿಲ್ಲ. ಇಳಿಸಿ ತುಂಬಿಸಿ, ಕೆಲವು ನೂರು ಕಿ.ಮೀ. ಓಡಿಸಿ, ಮತ್ತೊಮ್ಮೆ ಇಳಿಸಿ ತುಂಬಿಸಿ ಅನ್ನುತ್ತೇನೆ. ಖರ್ಚು ಸ್ವಲ್ಪ ಜಾಸ್ತಿ, ಒಳಗಿನ ಕೊಳೆ ಒಮ್ಮೆಲೇ ಏಳುವುದಿಲ್ಲ. ಗೇರ್ ಈಗಾಗಲೇ ಜಾರುತ್ತಿದ್ದರೆ ಆಯಿಲ್ ಬದಲಿಸಿ ಸರಿಯಾಗುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ.

ಹಾಗಂತ ಭಾಮೈದನವರನ್ನು ಬರಬೇಡಿ ಅನ್ನಬೇಡಿ. ಸ್ಟ್ಯಾಂಡ್ ಇಡುವಾಗ, ಮೇಲೆ ನಿಂತು ಲಾಳಿಕೆಗೆ ಸುರಿಯುವಾಗ ಇನ್ನೊಂದು ಜೊತೆ ಕೈ ಬೇಕೇ ಬೇಕು. ಅವರು ಬರಲಿ, ಕಾರು ಮನೆಯಲ್ಲೇ ಇರಲಿ.